ಬಿಳಿಪರೆಯಡಿಯ ನೀರು

೨೦೬೧ರ ಚಳಿಗಾಲದ ಕೊನೆಯಲ್ಲಿ ಡ್ರೋನುಗಳು ಸಾಲಾಗಿ ಹಾರುತ್ತ ಸ್ಪಿತಿ ಕಣಿವೆಯ ಇಳಿಜಾರಿನ ಮೇಲೆ ಹಾಲಿನಂಥ ದ್ರವವನ್ನು ಸಿಂಪಡಿಸಿದವು. ಹಿಮಕ್ಕೆ ತಗುಲಿದೊಡನೆ ಅದು ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರವಾಗಿ ಕೂರುತ್ತಿತ್ತು. ಮರದ ನಾರಿನಿಂದ ಮಾಡಿದ ಈ ‘ಬಿಳಿಪರೆ’ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತಿತ್ತು. ಆಗಸ್ಟ್ ಹೊತ್ತಿಗೆ ತಾನೇ ಕರಗಿಹೋಗುವಂಥದ್ದು.

ಪಶ್ಚಿಮದಿಂದ ಹಿಮ ಹೊತ್ತು ತರುತ್ತಿದ್ದ ಗಾಳಿಗಳು ದಶಕಗಳಿಂದ ಸೊರಗಿದ್ದವು. ಹವೆ ಬೆಚ್ಚಗಾಗಿ, ಬಂದ ತೇವವೂ ಎಷ್ಟೋ ಸಲ ಮಳೆಯಾಗಿ ಹರಿದುಹೋಗುತ್ತಿತ್ತು. ಬಿದ್ದಷ್ಟು ಹಿಮವನ್ನಾದರೂ ಕಾಪಿಟ್ಟರೆ ಕೆಳಗಿನ ಪಟ್ಟಣಗಳಿಗೆ ಬೇಸಿಗೆಯಲ್ಲಿ ನದಿ ಬತ್ತುವುದಿಲ್ಲ ಎಂಬುದು ವಿಜ್ಞಾನಿ ಇಂದುಮತಿ ಹೊಸಮನಿಯ ಯೋಚನೆ. ಮೇ ತಿಂಗಳಲ್ಲೂ ಬೆಟ್ಟ ಬೆಳ್ಳಗಿತ್ತು. ಅಭಿನಂದನೆಗಳು ಬರುತ್ತಿದ್ದಾಗಲೇ ಆ ಬೆಟ್ಟದಡಿಯ ತಾಂಗ್ಲಿ ಹಳ್ಳಿಯ ಪಲ್ಮೋ ಅವಳ ಶಿಬಿರಕ್ಕೆ ಬಂದಳು. ಮುಂಡಗೋಡಿನ ಟಿಬೆಟನ್ ಶಾಲೆಯಲ್ಲಿ ಓದಿ ಬೆಳೆದ ಪಲ್ಮೋಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

“ಅಕ್ಕಾರ, ಬಾರ್ಲಿ ಬಿತ್ತೋ ಹೊತ್ತು ಮೀರಾಕತ್ತೈತಿ. ಹಳ್ಳಕ್ಕ ನೀರ ಇಳಿದಿಲ್ಲ.”

ಹಿಮ ಕರಗದೆ ನೀರೆಲ್ಲಿಂದ ಬರಬೇಕು? ಇಂದುಮತಿ ಬೆಳ್ಳಗಿನ ಬೆಟ್ಟದ ಕಡೆ ತಿರುಗಿದಳು.

“ನಮ್ಮ ಹಳ್ಳನೂ ಲೆಕ್ಕಕ್ಕ ಹಿಡಿದಿದ್ರೇನ್ರಿ?”

“ಇಲ್ಲ ಪಲ್ಮೋ. ಭಾಳ ಸಣ್ಣದು ಅಂತ ಬಿಟ್ಟಬಿಟ್ಟೆ.”

ಪಲ್ಮೋ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದುಮತಿಗೆ ಅನ್ನಿಸಿತು.

ಪರೆ ಹಾಸುವುದನ್ನು ಕಂಡುಹಿಡಿದವಳು ತೆಗೆಯುವುದನ್ನು ಕಂಡುಹಿಡಿದಿರಲಿಲ್ಲ. ಉಳಿದದ್ದು ಕಣಿವೆಯವರ ಹಳೆಯ ಉಪಾಯ ಒಂದೇ. ಹಿಮದ ಮೇಲೆ ಮಸಿ, ಬೂದಿ ಎರಚಿದರೆ ಆ ಕಪ್ಪು ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಹಳ್ಳಿಯ ಒಲೆಗಳನ್ನೆಲ್ಲ ಬಳಿದು ಚೀಲ ತುಂಬಿಸಿ ಜನ ಬೆಟ್ಟ ಹತ್ತಿದರು. ಇಂದುಮತಿಯೂ ಅವರೊಡನೆ ನಿಂತು, ತಾನು ಬಿಳಿ ಮಾಡಿದ್ದನ್ನು ಕಪ್ಪು ಮಾಡಿದಳು.

ನೀರು ಬಂತು. ಕೆಳಗಿನ ಹೊಲಗಳು ಹಸಿರಾದವು. ಚಳಿ ಬೇಗ ಮರಳುವ ಮೇಲಿನವಕ್ಕೆ ಬಿತ್ತುವ ಹೊತ್ತು ಮೀರಿತ್ತು. ಪಲ್ಮೋಳ ಹೊಲ ಮೇಲಿನದು.

ಜೂನಿನಲ್ಲಿ ಇಬ್ಬರೂ ಎದುರಿನ ಬೆಟ್ಟಕ್ಕೆ ಹೋದರು. ಪರೆಯನ್ನೂ ಹಾಸದ, ಬೂದಿಯನ್ನೂ ಎರಚದ ಜಾಗ ಅದು. ಅಲ್ಲಿ ಉಳಿದಿದ್ದ ಹಿಮವನ್ನು ಪಲ್ಮೋ ಹಿಡಿಯಲ್ಲೆತ್ತಿಕೊಂಡಳು. ಅದು ಕರಗಿದಾಗ ಅಂಗೈಯಲ್ಲಿ ಮಸಿಯ ಗೆರೆ ಉಳಿಯಿತು.

“ಇದನ್ಯಾರು ಎರಚ್ಯಾರ್ರಿ?”

“ನಾವ, ಕೆಳಗಿನ ಮಂದಿ. ಇಟ್ಟಂಗಿ ಭಟ್ಟಿ, ಲಾರಿ, ಹೊಲದಾಗ ಸುಟ್ಟ ಕೂಳಿ, ಎಲ್ಲಾದರ ಹೊಗಿ ಗಾಳಿ ಹಿಡದು ಇಲ್ಲೀತನಕ ಬರತೈತಿ. ಭಾಳ ವರ್ಷದಿಂದ.”

“ಪಾಪ, ಗೊತ್ತಿಲ್ಲದ ಮಾಡಿರಬೇಕು,” ಎಂದಳು ಪಲ್ಮೋ.

ಇಂದುಮತಿ ಅವಳ ಮುಖ ನೋಡಲಿಲ್ಲ.

“ಗೊತ್ತಿತ್ತು ಪಲ್ಮೋ,” ಎಂದಳು. “ನಾ ಸಾಲಿಗೆ ಹೋಗೂದಕ್ಕಿಂತ ಮೊದಲ ಎಲ್ಲಾರಿಗೂ ಗೊತ್ತಿತ್ತು.”