ಫಲಿತಾಂಶಕ್ಕೆ ಹತ್ತು ನಿಮಿಷ ಮೊದಲು

"ಸುಳ್ಳು!"

ಅಂಗಡಿಯ ಬಾಗಿಲಲ್ಲಿ ಯಾರೋ ಹೀಗೆ ಅಂದದ್ದು ಕೇಳಿ ವಿನುತಾಳ ಕೈಯಲ್ಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು.

ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದೊಂದು ಪುಟ್ಟ ಹೊಲಿಗೆ ಅಂಗಡಿ. ಎದುರಿನ ಸ್ಟೂಲಿನ ಮೇಲೆ ಹತ್ತನೇ ಕ್ಲಾಸಿನ ಧನ್ಯಾ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಗಣಿತದ ಟೆಸ್ಟಿನಲ್ಲಿ ಹನ್ನೊಂದು ಮಾರ್ಕ್ಸು! ಲಂಗದ ಅಳತೆ ಕೊಟ್ಟಾಗಿತ್ತು, ಆದರೂ ಮನೆಗೆ ಹೋಗಲು ಹೆದರಿಕೆ. ಅವಳ ಸಮಾಧಾನಕ್ಕೆಂದು ವಿನುತಾ ಆಗಷ್ಟೇ ಹೇಳಿದ್ದಳು:

"ಅಳೂದೆಂತಕ್ಕೆ ಮಾರಾಯ್ತಿ? ನಾನು ಗಣಿತದಲ್ಲಿ ಎರಡು ಸಲ ಫೇಲು. ಎಂತಾಯ್ತು ಈಗ? ಆ ಪೈ, ಆ ಥೀಟಾ... ಹತ್ತು ವರ್ಷದಲ್ಲಿ ಒಂದು ದಿನವೂ ನಂಗೆ ಬೇಕಾಗ್ಲಿಲ್ಲ!"

ಅದಕ್ಕೇ ಬಂದಿತ್ತು ಆ ಉತ್ತರ.

ಬಾಗಿಲಲ್ಲಿ ನಿಂತಿದ್ದವನಿಗೆ ಮೂವತ್ತರ ಆಸುಪಾಸು. ಕೈಯಲ್ಲೊಂದು ಹೊಸ ಪ್ಯಾಂಟು. ಅವನನ್ನು ಕಂಡದ್ದೇ ಧನ್ಯಾ ಸ್ಟೂಲು ಬಿಟ್ಟು ಎದ್ದು ನಿಂತಳು.

"ಗಣಿತ ಸರ್ ಅಕ್ಕಾ..." ಎಂದು ಪಿಸುಗುಟ್ಟಿದಳು.

ಹೈಸ್ಕೂಲಿಗೆ ಹೊಸದಾಗಿ ಬಂದ ನಿತ್ಯಾನಂದ ಮಾಸ್ತರ! ಊರು ಭಟ್ಕಳ ತಾಲೂಕಿನ ಕಾಯ್ಕಿಣಿ, ಇಲ್ಲಿ ಬಾಡಿಗೆ ಕೋಣೆ.

"ಈ ಅಂಬ್ರೆಲಾ ಲಂಗಕ್ಕೆ ಸೊಂಟದ ಅಳತೆ ಎಷ್ಟು?" ಅವನು ಒಳಗೆ ಬಂದು ಮೇಜಿನ ಮೇಲಿನ ಬಟ್ಟೆ ನೋಡುತ್ತ ಕೇಳಿದ.

"ಇಪ್ಪತ್ನಾಲ್ಕು ಇಂಚು."

"ಮಡಿಚಿದ ಮೂಲೆಯಿಂದ ಎಷ್ಟಕ್ಕೆ ಗುರುತು ಹಾಕಿದ್ರಿ?"

"ಆರರಿಂದ ಭಾಗಿಸಿದ್ರೆ ನಾಲ್ಕು. ಅದರಲ್ಲಿ ಒಂದೂವರೆ ನೂಲು ಕಮ್ಮಿ, ಇಂಚಿಗೆ ಎಂಟು ನೂಲಿನ ಲೆಕ್ಕದಲ್ಲಿ. ಎಂತಕ್ಕೆ?"

"ಆ ಒಂದೂವರೆ ನೂಲು ಯಾಕೆ ಕಮ್ಮಿ?"

"ಇಲ್ದಿದ್ರೆ ಸೊಂಟದಲ್ಲಿ ಸಡಿಲ ಆಗ್ತದೆ. ನನ್ನ ಗುರುಗಳು ಹಾಗೆ ಹೇಳಿಕೊಟ್ಟದ್ದು."

ಅವನ ಮುಖ ಬೆಳಗಿತು. "ಅದೇ ಪೈ! ಎರಡು ಪೈ ಅಂದ್ರೆ ಆರಲ್ಲ, ಆರಕ್ಕಿಂತ ಸ್ವಲ್ಪ ಜಾಸ್ತಿ. ನೀವು ದಿನಾ ಮಾಡೂ ಲೆಕ್ಕದಲ್ಲೇ ಫೇಲಾಗಿದ್ದೀರಿ! ಎಷ್ಟು ಬಂದಿತ್ತು ಮಾರ್ಕ್ಸು?"

ಕುಪ್ಪಸ ಒಯ್ಯಲು ಬಂದಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು.

ವಿನುತಾಳ ಕಿವಿ ಕೆಂಪಾಯಿತು. ಹತ್ತು ವರ್ಷದ ಹಿಂದೆ ಶಾಲೆಯ ನೋಟಿಸ್ ಬೋರ್ಡಿನೆದುರು ನಿಂತಾಗ ಬೆನ್ನ ಹಿಂದೆ ಕೇಳಿದ ನಗುವೂ ಹೀಗೇ ಇತ್ತು. 'ಇವನಿಗೆ ಎಂತ ಹಕ್ಕು ಅದೆ ಇದನ್ನು ಕೇಳಲಿಕ್ಕೆ?'

"ಹತ್ತೊಂಬತ್ತು!" ಎಂದಳು ಜೋರಾಗಿ. "ಈಗ ನೀವು ಹೇಳಿ ಮಾಸ್ತರ್ರೆ. ಶಾಲೆಯ ಗೇಟಿನಿಂದ ಹೊರಗೆ, ನಿಮ್ಮ ಜೀವನದಲ್ಲಿ, ಆ ಥೀಟಾ ಎಲ್ಲಿ ಉಪಯೋಗಕ್ಕೆ ಬಂತು?"

ಅವನು ನಿಜವಾಗಿಯೂ ಯೋಚಿಸಿದ.

"ಎಲ್ಲೂ ಇಲ್ಲ," ಅಂದ ಕೊನೆಗೆ.

ಈ ಸಲ ಧನ್ಯಾಳೇ ನಕ್ಕುಬಿಟ್ಟಳು. ವಿನುತಾಳಿಗೂ ನಗು ತಡೆಯಲಾಗಲಿಲ್ಲ. ಆದರೂ ಬಿಗುಮಾನ ಬಿಡದೆ ಪ್ಯಾಂಟು ಎಳೆದುಕೊಂಡು, "ಮುಂದಿನ ವಾರ ಬನ್ನಿ," ಎಂದಳು.

*

ಮುಂದಿನ ವಾರ ಪ್ಯಾಂಟು ಒಯ್ದವನು ಅದರ ಮರುವಾರ ಹರಿದ ಚೀಲ ತಂದ. ಆಮೇಲೆ ದಿಂಬಿನ ಕವರು. ಆಮೇಲೆ... ಏನೂ ತರದೆಯೇ ಬಂದ!

"ಅವತ್ತು ನಾಲ್ಕು ಜನರ ಎದುರಿಗೆ ಮಾರ್ಕ್ಸು ಕೇಳಿದ್ದು ತಪ್ಪಾಯ್ತು," ಅಂದ. "ಅದನ್ನು ಹೇಳಿ ಹೋಗುವ ಅಂತ ಬಂದೆ."

ಹೇಳಿದ, ಆದರೆ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತ.

ಅಲ್ಲಿಂದ ಶುರುವಾಯಿತು ಅವರಿಬ್ಬರ ಜಗಳ. ಶಾಲೆ ಬಿಟ್ಟ ಮೇಲೆ ಸಂಜೆ ಅರ್ಧ ಗಂಟೆ, ಹೈಸ್ಕೂಲಿನ ಒಂದೊಂದೇ ವಿಷಯ ಹಿಡಿದು ವಾದ.

"ಭೂಗೋಳ ಓದಿದ್ದಕ್ಕೆ ಎಂತ ಬಂತು?" ಅವಳು ಕೇಳುವಳು. "ನಮ್ಮ ಅಪ್ಪ ಮೂರನೇ ಕ್ಲಾಸು. ಗಾಳಿಯ ವಾಸನೆ ನೋಡಿ ದೋಣಿ ಇಳಿಸೂದಾ ಬೇಡವಾ ಹೇಳ್ತಾರೆ."

"ಅವರ ಹತ್ತಿರ ಇರೂದೇ ಭೂಗೋಳ. ಪುಸ್ತಕದಲ್ಲಿ ಇರೂದು ಅದರ ನೆರಳು."

"ಎಲ್ಲದಕ್ಕೂ ಒಂದು ಉತ್ತರ ಅದೆ ನಿಮ್ಮ ಹತ್ತಿರ! ಚರಿತ್ರೆ? ಯಾವ ರಾಜ ಯಾವ ಇಸವಿಯಲ್ಲಿ ಸತ್ತ ಅಂತ ಯಾರಿಗೆ ಬೇಕು?"

"ಯಾರಿಗೂ ಬೇಡ," ಅವನು ಒಪ್ಪಿದ. "ಅದನ್ನು ಹಾಗೆ ಕಲಿಸಿದ್ದೇ ತಪ್ಪು."

ಹೀಗೆ ಸೋಲು ಒಪ್ಪುವ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಜಗಳವಾಡಲು ಬಂದವನ ಜೊತೆ ಮಾತಾಡುತ್ತ ಮಾತಾಡುತ್ತ, ಒಂದು ಸಂಜೆ ಅವಳು ಯಾರಿಗೂ ಹೇಳದ್ದೊಂದನ್ನು ಹೇಳಿಬಿಟ್ಟಳು. ಅವಳ ತಾಯಿ ಗಂಗಿ ಹೊಳನಗದ್ದೆಯಿಂದ ದಿನಾ ಮೀನು ತಂದು ಪೇಟೆಯಲ್ಲಿ ಮಾರುವವಳು. ಐದು ವರ್ಷದ ಹಿಂದೆ ಮೀನು ಕೊಯ್ಯುವಾಗ ಮೆಟ್ಟುಗತ್ತಿ ಜಾರಿ ಮಣಿಕಟ್ಟು ಸೀಳಿತ್ತು.

"ಎಲ್ಲರೂ ಕೂಗಿಕೊಂಡ್ರು. ನಂಗೆ ಮಾತ್ರ ಶಾಲೆಯಲ್ಲಿ ವಿಜ್ಞಾನದ ಅಕ್ಕೋರು ಹೇಳಿದ್ದು ನೆನಪಾಯ್ತು. ಗಾಯ ಒತ್ತಿ ಹಿಡಿ, ಕೈ ಎದೆಗಿಂತ ಮೇಲೆ ಎತ್ತು ಅಂತ. ಆಸ್ಪತ್ರೆ ಮುಟ್ಟುವವರೆಗೆ ಬಿಡಲಿಲ್ಲ ನಾನು." ಅವಳ ದನಿ ಸಣ್ಣದಾಯಿತು. "ಆ ಪಾಠ ಪರೀಕ್ಷೆಯಲ್ಲಿ ಬರಲೇ ಇಲ್ಲ ಮಾಸ್ತರ್ರೆ."

ಅವನು ಅವಳ ಬೆರಳುಗಳನ್ನೇ ನೋಡುತ್ತ ಕೂತಿದ್ದ. ಆ ನೋಟಕ್ಕೆ ಅವಳ ಎದೆ ಒಮ್ಮೆ ಢವ್ ಎಂದಿತು.

'ಇದೆಂತ ಆಗ್ತಾ ಅದೆ ನಂಗೆ?'

ನಾಲ್ಕೂವರೆಯಾದರೆ ಅವಳ ಕಣ್ಣು ತಾನಾಗಿ ಓಣಿಯ ಕಡೆ ಹೊರಳುತ್ತಿತ್ತು. ಹೊಲಿಗೆ ಯಂತ್ರ ಓಡುತ್ತಿದ್ದರೂ ಕಿವಿ ಮಾತ್ರ ಅವನ ಚಪ್ಪಲಿಯ ಸದ್ದಿನ ಮೇಲೆ...

*

ಏಪ್ರಿಲಿನಲ್ಲಿ ಒಂದು ದಿನ ನಿತ್ಯಾನಂದನ ತಾಯಿ ದುರ್ಗಮ್ಮ ಕಾಯ್ಕಿಣಿಯಿಂದ ಮಗನ ಕೋಣೆ ನೋಡಲು ಬಂದವರು ಕುಪ್ಪಸ ಹೊಲಿಸಲು ಒಬ್ಬರೇ ಅಂಗಡಿಗೆ ಬಂದರು. ಅಳತೆ ತೆಗೆಯುತ್ತಿದ್ದ ವಿನುತಾಳ ಮುಖವನ್ನೇ ನೋಡುತ್ತ ಕೇಳಿದರು.

"ಎಲ್ಲೀವರೆಗೆ ಓದಿದ್ದಿ ಮಗಾ?"

"ಹತ್ತನೇ... ಪಾಸಾಗಲಿಲ್ಲ ಅಮ್ಮಾ."

"ಹೌದಾ," ಅಂದರು ಅವರು. ಅಷ್ಟೇ! ಆದರೆ ಆ ಒಂದು ಮಾತು ದಿನವಿಡೀ ವಿನುತಾಳನ್ನು ಕುಟುಕಿತು.

ಮರುದಿನ ಸಂಜೆ ನಿತ್ಯಾನಂದ ಬಂದು ಒಂದು ಲಕೋಟೆಯಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಎಸ್ಸೆಸ್ಸೆಲ್ಸಿ ಮರುಪರೀಕ್ಷೆಯ ಅರ್ಜಿ. ಅವಳ ಹೆಸರು ಬರೆದು, ಗಣಿತದ ಎದುರು ಗುರುತೂ ಹಾಕಿ ತಂದಿದ್ದ!

"ಒಂದೇ ವಿಷಯ ಅಲ್ವಾ? ನೀವು ಖಂಡಿತ ಪಾಸಾಗ್ತೀರಿ. ನಾನು ಹೇಳಿಕೊಡ್ತೆ."

ವಿನುತಾಳ ಕಣ್ಣಮುಂದೆ ದುರ್ಗಮ್ಮನ ಮುಖ ಬಂತು. ಓಹೋ... ನಿನ್ನೆ ತಾಯಿ ಕೇಳಿದ್ದಾರೆ. ಇವತ್ತು ಮಗ ಅರ್ಜಿ ತಂದಿದ್ದಾನೆ. ಫೇಲಾದ ಹುಡುಗಿಯನ್ನು ತೊಳೆದು ಇಸ್ತ್ರಿ ಮಾಡಿ ಮನೆಗೆ ಒಯ್ಯುವ ಯೋಚನೆ!

"ನನ್ನ ಕೇಳಿದ್ರಾ ನೀವು?" ಅವಳು ಕಾಗದವನ್ನು ಅವನ ಕಡೆ ತಳ್ಳಿದಳು.

"ಅಲ್ಲ, ನಾನು..."

"ಫೇಲಾದವಳ ಅಂಗಡಿಯಲ್ಲಿ ಕೂತು ಮಾತಾಡಲಿಕ್ಕೆ ನಾಚಿಕೆ ಆಗಲಿಲ್ಲ. ಈಗ ನಾಚಿಕೆ ಆಗ್ತದಾ? ಈ ಹತ್ತೊಂಬತ್ತು ಮಾರ್ಕ್ಸಿನ ಜೊತೆ ನಾನು ಹತ್ತು ವರ್ಷ ಬದುಕಿದ್ದೆ ಮಾಸ್ತರ್ರೆ. ನಿಮಗೆ ಆಗೂದಿಲ್ಲ ಅಂದ್ರೆ... ಬರಬೇಡಿ!"

"ವಿನುತಾ, ಒಂದು ಮಾತು ಕೇಳಿ..."

"ಎಂತದೂ ಬೇಡ!"

ಅವನು ತಲೆ ತಗ್ಗಿಸಿ ಹೋದ. ಲಕೋಟೆಯೂ ಅರ್ಜಿಯೂ ಅಲ್ಲೇ ಉಳಿದವು. ವಿನುತಾ ಕತ್ತರಿ ಹಿಡಿದಳು, ಆದರೆ ಬಟ್ಟೆಯ ಮೇಲಿನ ಗೆರೆ ಕಣ್ಣೀರಿಗೆ ಕಲಸಿಹೋಯಿತು.

*

ಬೆಳಿಗ್ಗೆ ಅಂಗಡಿ ಗುಡಿಸುವಾಗ ಲಕೋಟೆಯಿಂದ ಪೇಪರಿನಿಂದ ಕತ್ತರಿಸಿದ ಒಂದು ಜಾಹೀರಾತು ಕೆಳಗೆ ಬಿತ್ತು. ಹೊನ್ನಾವರದ ಒಂದು ಮಹಿಳಾ ಸಂಘದ ಹೊಲಿಗೆ ತರಬೇತಿ ಕೇಂದ್ರಕ್ಕೆ ಶಿಕ್ಷಕಿ ಬೇಕಾಗಿದ್ದಾರೆ. ಜುಲೈಯಿಂದ ಕೆಲಸ. ಹೊಲಿಗೆಯ ಅನುಭವ, ಎಸ್ಸೆಸ್ಸೆಲ್ಸಿ ಪಾಸು ಕಡ್ಡಾಯ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದದ್ದು: 'ಇದು ಇವರಿಗಾಗಿಯೇ ಇದ್ದ ಹಾಗಿದೆ.'

ವಿನುತಾ ಕಸಬರಿಗೆ ಹಿಡಿದೇ ಕುಸಿದು ಕೂತಳು.

ಹುಡುಗಿಯರಿಗೆ ಹೊಲಿಗೆ ಕಲಿಸಬೇಕೆಂಬ ಆಸೆಯನ್ನು ಅವಳು ಎಂದೋ ಒಮ್ಮೆ ಮಾತಿನ ಮಧ್ಯೆ ಹೇಳಿದ್ದಳು. ಅದನ್ನು ಅವನು ನೆನಪಿಟ್ಟುಕೊಂಡಿದ್ದ! ಹಾಗಾದರೆ ದುರ್ಗಮ್ಮನ 'ಹೌದಾ'? ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಗೊತ್ತಿಲ್ಲ... ಕೇಳೋಣವೆಂದರೆ ಬರಬೇಡಿ ಅಂದವಳೂ ತಾನೇ.

ತಾಯಿಗೆ ಹೇಳಿದಾಗ ಗಂಗಿ ಮೀನಿನ ಬುಟ್ಟಿ ಇಳಿಸುತ್ತ ಅಂದಳು:

"ಅವ ಹೇಳ್ದ ಅಂತ ಬರೀಬೇಡ. ಅವನ ಮೇಲಿನ ಸಿಟ್ಟಿಗೆ ಬರೀದೆಯೂ ಇರಬೇಡ. ನಿಂಗೆ ಬೇಕಾ ಆ ಕೆಲಸ?"

"ಬೇಕು ಆಯಿ."

"ಹಾಂಗಾರೆ ಬರಿ. ನಾ ಹೇಳೂದು ಇಷ್ಟೇ."

ವಿನುತಾ ಅರ್ಜಿ ತುಂಬಿದಳು. ಮಾರ್ಚಿನ ಮುಖ್ಯ ಪರೀಕ್ಷೆಯಲ್ಲಿ ಹೇಗೋ ಗಣಿತ ದಾಟಿದ್ದ ಧನ್ಯಾ ತನ್ನ ನೋಟ್ಸು ತಂದುಕೊಟ್ಟಳು. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಚಿ ಕ್ರಾಸ್ ಪಟ್ಟಿ ಕತ್ತರಿಸುವಾಗ ಪೈಥಾಗೊರಸ್ ತಟ್ಟನೆ ಅರ್ಥವಾಯಿತು. ಕರ್ಣ ಅಂದರೆ ಇದೇ ಅಲ್ಲವಾ, ಈ ಮಡಿಕೆಯ ಅಂಚು! ಒಬ್ಬಳೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದಳು. ಹೇಳೋಣವೆಂದು ತಲೆ ಎತ್ತಿದರೆ ಸ್ಟೂಲು ಖಾಲಿ.

ಪರೀಕ್ಷೆಯ ದಿನ ಹದಿನಾರರ ಮಕ್ಕಳ ನಡುವೆ ಸೀರೆ ಉಟ್ಟು ಹೋದವಳನ್ನು ಕಂಡು ಅರ್ಧ ಕೋಣೆ ಎದ್ದು ನಿಂತು "ನಮಸ್ತೇ ಟೀಚರ್" ಅಂದಿತು. "ಕೂತ್ಕಳಿ ಮಕ್ಕಳೇ, ನಾನೂ ಬರೀಲಿಕ್ಕೇ ಬಂದದ್ದು," ಎಂದಾಗ ಎಲ್ಲರೂ ಗೊಳ್ಳೆಂದರು. ಆ ನಗು ಈ ಸಲ ಅವಳನ್ನು ಚುಚ್ಚಲಿಲ್ಲ. ಅವಳೂ ನಕ್ಕಳು.

ಅವನು ಮಾತ್ರ ಬರಲಿಲ್ಲ. ಮೇ ಕಳೆಯಿತು, ಜೂನ್ ಬಂತು, ಶಾಲೆ ಶುರುವಾಯಿತು. ನಾಲ್ಕೂವರೆಗಳು ಖಾಲಿ ಖಾಲಿ.

*

ಫಲಿತಾಂಶ ಬೆಳಿಗ್ಗೆ ಹತ್ತೂವರೆಗೆ. ಮೊಬೈಲ್ ಎದುರಿಗಿಟ್ಟುಕೊಂಡು ವಿನುತಾ ಉಗುರು ಕಡಿಯುತ್ತಿದ್ದಳು. ಹತ್ತು ಇಪ್ಪತ್ತಕ್ಕೆ ಓಣಿಯಲ್ಲಿ ಯಾರೋ ಓಡಿಬರುವ ಸದ್ದು.

"ನೋಡಬೇಡಿ! ಈಗಲೇ ನೋಡಬೇಡಿ!"

ಮಳೆಗೆ ಅರ್ಧ ನೆನೆದ ನಿತ್ಯಾನಂದ ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದ.

"ಕಾಯ್ಕಿಣಿಯಿಂದ ಬೆಳಿಗ್ಗೆ ಏಳಕ್ಕೇ ಹೊರಟೆ... ಶರಾವತಿ ಸೇತುವೆ ಹತ್ತಿರ ಬಸ್ಸು ಕೆಟ್ಟು ನಿಂತಿತು... ಟೆಂಪೋ ಹಿಡಿದೆ... ಹತ್ತೂವರೆ ಆಗಿಹೋಯ್ತೋ ಅಂತ..."

"ಇನ್ನೂ ಹತ್ತು ನಿಮಿಷ ಅದೆ," ಅವಳ ಬಾಯಿಂದ ಅಷ್ಟೇ ಹೊರಟಿತು.

"ಅಷ್ಟು ಸಾಕು." ಅವನು ಒಳಗೆ ಬಂದ. "ಕೇಳದೆ ಅರ್ಜಿ ತುಂಬಿದ್ದು ನನ್ನ ತಪ್ಪು. ಮಾಸ್ತರಿಕೆ ಮೈಗೆ ಹತ್ತಿದೆ, ಎಲ್ಲರ ಪರವಾಗಿ ನಾನೇ ಉತ್ತರ ಬರೀತೆ. ನೀವು ಬರಬೇಡಿ ಅಂದ್ರಿ, ಬರಲಿಲ್ಲ. ನೀವು ಪರೀಕ್ಷೆ ಬರೆದದ್ದು ಧನ್ಯಾ ಹೇಳಿದ್ಲು. ಆಗ ಇನ್ನೂ ಹೆದರಿಕೆ ಆಯ್ತು."

"ಹೆದರಿಕೆ ಎಂತಕ್ಕೆ?"

"ನೀವು ಪಾಸಾದ ಮೇಲೆ ಬಂದು ಕೇಳಿದ್ರೆ, ಪಾಸಾದದ್ದಕ್ಕೆ ಬಂದ ಅಂತೀರಿ. ಫೇಲಾದ ಮೇಲೆ ಬಂದ್ರೆ, ಕನಿಕರಕ್ಕೆ ಬಂದ ಅಂತೀರಿ. ನೀವು ನನ್ನ ಮಾತು ನಂಬೂದಿದ್ರೆ ಈ ಹತ್ತು ನಿಮಿಷದಲ್ಲಿ ಮಾತ್ರ." ಅವನು ಮುಖದ ಮೇಲಿನ ಮಳೆನೀರು ಒರೆಸಿಕೊಂಡ. "ನನ್ನ ಮದುವೆ ಆಗ್ತೀರಾ ವಿನುತಾ?"

ಹೊರಗೆ ಮಳೆ ಜೋರಾಯಿತು.

"ನಿಮ್ಮ ಅಮ್ಮ?"

"ನಿನ್ನೆ ಅದನ್ನೇ ಕೇಳಲಿಕ್ಕೆ ಊರಿಗೆ ಹೋದದ್ದು. 'ಆ ಹುಡ್ಗಿ ಹೊಲಿದ ಕುಪ್ಪಸದಲ್ಲಿ ಕೈ ಎತ್ತಿ ಮಲ್ಲಿಗೆ ಕೊಯ್ದರೂ ಕಂಕುಳು ಹಿಡೀಲಿಲ್ಲ, ನೀ ಇಷ್ಟು ದಿನ ಎಂತ ಮಾಡ್ತಿದ್ದೆ' ಅಂತ ನಂಗೇ ಬೈದ್ರು."

"ಮತ್ತೆ ಅವತ್ತು ನಾನು ಪಾಸಾಗಲಿಲ್ಲ ಅಂದಾಗ 'ಹೌದಾ' ಅಂದ್ರಲ್ಲ?"

"ಅವರೂ ಏಳನೇ ಕ್ಲಾಸಿನಲ್ಲಿ ಫೇಲು. ಅಪರಿಚಿತರ ಎದುರು ಹೇಳ್ಕೊಳ್ಳಲಿಕ್ಕೆ ನಾಚಿಕೆ!"

ವಿನುತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಎರಡು ತಿಂಗಳು... ಒಂದು 'ಹೌದಾ'ಕ್ಕೆ ಎರಡು ತಿಂಗಳು!

ಗೋಡೆಯ ಗಡಿಯಾರದಲ್ಲಿ ಹತ್ತು ಇಪ್ಪತ್ತೆಂಟು. ಅವಳು ಮೊಬೈಲನ್ನು ಬೋರಲು ಹಾಕಿದಳು.

"ನನ್ನ ಉತ್ತರವೂ ಹತ್ತೂವರೆ ಒಳಗೇ ಬರಬೇಕಲ್ಲ?"

"ಬರಬೇಕು."

"ಆತು," ಅಂದಳು ವಿನುತಾ.

"ಎಂತ ಆತು?"

"ಮದುವೆಗೆ ಆತು ಅಂದೆ ಮಾರಾಯ್ರೆ! ಗಣಿತದವರಿಗೆ ಕನ್ನಡ ಅರ್ಥ ಆಗೂದಿಲ್ವಾ?"

ಅವನು ಸ್ಟೂಲಿನ ಮೇಲೆ ದೊಪ್ಪನೆ ಕೂತ. ಹತ್ತೂವರೆ ಆಯಿತು, ಹತ್ತು ಮೂವತ್ತೈದೂ ಆಯಿತು. ಆಮೇಲೆ ನೆನಪಾಗಿ ಮೊಬೈಲ್ ತಿರುಗಿಸಿದರೆ ತೆರೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಸುತ್ತಿ ಸುತ್ತಿ, ಕೊನೆಗೆ ತೆರೆದುಕೊಂಡಿತು.

"ಅರವತ್ತೊಂದು!" ಅವಳು ಕಿರುಚಿದಳು. "ಮಾಸ್ತರ್ರೆ, ಅರವತ್ತೊಂದು! ಪಾಸು!"

ತಿರುಗಿ ನೋಡಿದರೆ ಅವನ ಕಣ್ಣು ತುಂಬಿತ್ತು.

"ಎಂತಕ್ಕೆ ಅಳೂದು ನೀವು?" ಅವಳು ಸೆರಗಿನ ತುದಿ ಅವನ ಕಡೆ ಚಾಚುತ್ತ ಮೆಲ್ಲಗೆ ಕೇಳಿದಳು. "ಪಾಸಾದದ್ದು ನಾನು."

"ನಾನೂ ಪಾಸಾದೆನಲ್ಲ," ಅಂದ ನಿತ್ಯಾನಂದ.