ಮಗ್ಗದವರ ಕಿವಿ

ಮೊದಲು ಸಿ.ಡಿ. ತಿರುಗಿತು. ತೀರಿಹೋದ ಸತ್ಯವ್ವ ಹಿಂದೆ ಮಿಲ್ಲಿನ ಗೇಟಿನೆದುರು ಹಾಡಿದ್ದ ಮುಷ್ಕರದ ಹಾಡು ಬನಹಟ್ಟಿಯ ನೇಕಾರರ ಸಂಘದ ಕೋಣೆಯನ್ನು ತುಂಬಿತು. ಆಮೇಲೆ ರೊಟ್ಟಿಬುಟ್ಟಿಯಷ್ಟು ಅಗಲದ ಯಂತ್ರವೊಂದು ಹಸಿರು ದೀಪ ಮಿಟುಕಿಸುತ್ತ ಅದೇ ಹಾಡನ್ನು ನುಡಿಸಿತು. ಅದರ ಹೆಸರು ಶ್ರವಣಜರಡಿ.

"ಕಾಕಾ, ಎರಡೂ ಕೇಳಿದ್ರಲ್ಲಾ? ಏನಾರ ಫರಕ್ ಐತೇನ್ರಿ?" ವಿಜ್ಞಾನಿ ವಿಶಾಲಾ ಕೇಳಿದಳು.

ಸತ್ಯವ್ವನ ಗಂಡ ಈರಸಂಗಪ್ಪ ಕಣ್ಣು ಒರೆಸಿಕೊಂಡ. "ಯಾತರ ಫರಕ್ಕವಾ? ಎರಡೂ ಆಕೀನ ಧ್ವನಿ." ಒಪ್ಪಿಗೆಯೆಂದು ಅವನು ಕೈ ಎತ್ತಿದ. ಹಿರಿಯ ಕೈ ಎತ್ತಿದ ಮೇಲೆ ಕೆಳಗೆ ಕೂತವರು ಸುಮ್ಮನಿರುವ ಪದ್ಧತಿ ಆ ಸಂಘದಲ್ಲಿರಲಿಲ್ಲ. ಮಗ್ಗಗಳ ಅಬ್ಬರದಲ್ಲಿ ಮಾತು ಕೇಳಿಸದೆ ಕೈಸನ್ನೆಯಲ್ಲೂ ತುಟಿಯ ಚಲನೆಯಲ್ಲೂ ಬದುಕು ನಡೆಸಿದವರು ಅವರು. ಎಲ್ಲ ಕೈಗಳೂ ಮೇಲೆದ್ದವು.

ಸಿ.ಡಿ. ಒಂದು ದೊಡ್ಡ ಕಣಜವಿದ್ದಂತೆ. ಮನುಷ್ಯನ ಕಿವಿಗೆ ನಿಲುಕುವುದನ್ನೆಲ್ಲ ಹಾಗೆಯೇ ಹಿಡಿದಿಡುತ್ತದೆ. ಧ್ವನಿಸಂಕುಚನ ಹಾಗಲ್ಲ. ಕೇಳುಗನಿಗೆ ಯಾವುದು ಕೇಳಿಸದು ಎಂದು ಅದು ಊಹಿಸಿ, ಅಷ್ಟನ್ನು ತೌಡಿನಂತೆ ಹೊರಗೆ ಚೆಲ್ಲುತ್ತದೆ. ಶ್ರವಣಜರಡಿ ಇನ್ನೂ ಮುಂದೆ ಹೋಗಿತ್ತು. ಅದು ಊಹಿಸುತ್ತಿರಲಿಲ್ಲ, ಎದುರು ಕೂತವರ ಕಿವಿಗಳನ್ನೇ ಅಳೆದು, ಆ ಅಳತೆಗೆ ಜರಡಿಯ ಕಣ್ಣುಗಳನ್ನು ಹೊಂದಿಸಿಕೊಳ್ಳುತ್ತಿತ್ತು. ಕೇಳುಗರೆಲ್ಲ 'ಎರಡೂ ಒಂದೇ' ಎಂದರೆ ಮೂಲವನ್ನು ಕರಗಿಸಬೇಕೆಂಬುದು ವಿಶಾಲಾ ಕೆಲಸ ಮಾಡುತ್ತಿದ್ದ, ನಾಡಿನ ಹಾಡುಗಳನ್ನು ಕೂಡಿಡುವ ರಾಜ್ಯ ಧ್ವನಿಕಣಜದ ನಿಯಮ. ಹೇಗೂ ಹಳೆಯ ಸಿ.ಡಿ.ಗಳು ಬೆಳ್ಳಿಬಣ್ಣದ ಲೇಪ ಸುಲಿದು ಹಾಳಾಗುತ್ತಿದ್ದ ಕಾಲವದು.

ಇದ್ದದ್ದು ಒಂದೇ ಸಿ.ಡಿ. ಆದರೂ ಈರಸಂಗಪ್ಪ ಅದನ್ನು ತಾನೇ ತೆಗೆದು ವಿಶಾಲಾಳ ಕೈಗಿತ್ತ. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಇದೇ ಕೋಣೆಯ ಓದುಬಳಗದಲ್ಲಿ ಚಾಪೆಯ ಮೇಲೆ ಕೂತು ಕಾರ್ಮಿಕ ಕಾಯ್ದೆಯನ್ನು ಎಲ್ಲರಿಗೂ ಓದಿ ಹೇಳಿದ ಹುಡುಗಿ ಅವಳು. ಮಿಲ್ಲು ತಮ್ಮ ಕಿವಿ ಕೆಡಿಸಿತೆಂದು ನೇಕಾರರು ಹೂಡಿದ್ದ ದಾವೆಯ ಮೊದಲ ಅರ್ಜಿ ಅವಳದೇ ಬರಹ. ಆ ದಾವೆ ಇನ್ನೂ ನಡೆಯುತ್ತಿತ್ತು.

ಸಂಜೆ ಶಾಲೆ ಮುಗಿಸಿ ಬಂದ ಮಗಳು ಗಂಗವ್ವ ಜರಡಿಯಾಡಿದ ಹಾಡು ಕೇಳಿದಳು. ಅರ್ಧಕ್ಕೇ ನಿಲ್ಲಿಸಿದಳು.

"ಯಪ್ಪಾ, ಅವ್ವನ ಗಾಜಿನ ಬಳಿ ಸದ್ದು ಎಲ್ಲಿ?"

"ಯಾವ ಬಳಿ?"

"ಆಕಿ ಗೇಟಿಗೆ ಕೈ ಬಡದು ತಾಳ ಹಾಕತಿದ್ಲಲ್ಲಾ. ಗಾಜಿನ ಬಳಿ ಗಲಗಲ ಅಂತಿದ್ವು. ಸಿ.ಡಿ.ಯಾಗ ಇತ್ತು. ಇದರಾಗಿಲ್ಲ. ಆಕಿ ಉಸಿರೂ ಇಲ್ಲ."

ಈರಸಂಗಪ್ಪ ಮಗಳ ತುಟಿಯನ್ನೇ ನೋಡಿದ. "ಸಿ.ಡಿ.ಯಾಗೂ ಇರಲಿಲ್ಲವ್ವಾ ಅದು," ಎಂದ. "ನನಗಂತೂ ಇರಲಿಲ್ಲ."

ಮರುದಿನ ಇಬ್ಬರೂ ಧ್ವನಿಕಣಜದ ಕಚೇರಿಗೆ ಹೋದರು. ಅಷ್ಟರಲ್ಲಿ ಸಿ.ಡಿ. ಕರಗಿಹೋಗಿತ್ತು. ವಿಶಾಲಾ ಅವನಿಗೆ ತುಟಿ ಕಾಣುವಂತೆ ಹೇಳಿದಳು. ಮಗ್ಗದ ಸದ್ದು ಮೊದಲು ತಿನ್ನುವುದು ತೆಳುವಾದ, ಎತ್ತರದ ನಾದಗಳನ್ನು: ಬಳೆ, ಗೆಜ್ಜೆ, ಉಸಿರು. ಅಂಥ ಕಿವಿಗೆ ಹೊಂದಿಸಿದರೆ ಜರಡಿ ಅವನ್ನೆಲ್ಲ ಚೆಲ್ಲುತ್ತದೆ.

"ನಿನಗ ಇದು ಮೊದಲ ಗೊತ್ತಿತ್ತು?"

"ಬ್ಯಾರೆ ಊರಾನ ಕೇಳುಗರು ಒಪ್ಪಲಿಲ್ಲ ಕಾಕಾ. ಯೋಜನಾ ನಿಂತ ಹೋಗತಿತ್ತು. ಒಪ್ಪವ್ರು ಬೇಕಾಗಿತ್ತು."

"ಅಂದ್ರ ನಮ್ಮ ಹಾಡಿನ ಮ್ಯಾಲಿನ ಮಮತಾಕ ಬರಲಿಲ್ಲ ನೀ," ಎಂದ ಈರಸಂಗಪ್ಪ. "ನಮ್ಮ ಕಿವಿ ಸತ್ತಾವಂತ ಬಂದಿ. ಮಾಲಕ ಕಿವಿ ತಿಂದ. ನೀ ಆ ಎಂಜಲಾ ಬಳಕೊಂಡಿ."



ಬನಹಟ್ಟಿಯ ಒಪ್ಪಿಗೆಯೇ ಮಾದರಿಯಾಯಿತು. ನಾಡಿನ ಸಾವಿರಾರು ಹಾಡುಗಳು ಆ ನೇಕಾರರ ಕಿವಿಯ ಅಳತೆಯಲ್ಲೇ ಜರಡಿಯಾಡಿ, ಮೂಲಗಳು ಕರಗಿದವು. ಗೆಜ್ಜೆಯಿಲ್ಲದ ಕುಣಿತವನ್ನು ಮಕ್ಕಳು ಕುಣಿತವೆಂದೇ ಕಲಿತರು. ಮಿಲ್ಲಿನ ಕಿವುಡು ಇಡೀ ನಾಡಿನ ಕಿವಿಗೆ ಇಳಿಯಿತು. ಯಾರಿಗೂ ಏನೂ ಕಳೆದುಹೋದಂತೆ ಅನಿಸಲಿಲ್ಲ.

ದಾವೆಯ ಕೊನೆಯ ವಿಚಾರಣೆಗೆ ಮಿಲ್ಲಿನ ವಕೀಲ ಸಾಕ್ಷಿಯಾಗಿ ಕರೆಸಿದ್ದು ವಿಶಾಲಾಳನ್ನು. ನೇಕಾರರು ಹಿಂದಿನ ಬೆಂಚಿನಲ್ಲಿದ್ದರು. ಮಾತು ಅವರನ್ನು ಮುಟ್ಟುತ್ತಿರಲಿಲ್ಲ. ವಕೀಲ ಬೆನ್ನು ತಿರುಗಿಸಿ ನಿಂತಿದ್ದ. ಅವನ ಪ್ರಶ್ನೆಯನ್ನು ಗಂಗವ್ವ ಅಪ್ಪನ ಕಡೆ ತಿರುಗಿ ತುಟಿಯಲ್ಲಿ ಹೇಳಿದಳು: "ರಾಜ್ಯದ ಮಾದರಿ ಕೇಳುಗರು ಅಂತ ಇವರನ್ನ ಆರಿಸಿದ್ದು ನೀವಲ್ಲೇನು? ಇವರ ಕಿವಿ ಸರಿ ಅವ ಅಂತ ಅಲ್ಲೇನು?"

ಅಲ್ಲ ಎಂದರೆ ಜರಡಿ ಬೀಳುತ್ತಿತ್ತು. ಹೌದು ಎಂದರೆ ನೇಕಾರರು.

ಈರಸಂಗಪ್ಪನ ಕಣ್ಣು ವಿಶಾಲಾಳ ತುಟಿಯ ಮೇಲಿತ್ತು. ಅದೇ ತುಟಿಗಳು ಓದಿ ಹೇಳಿದ ಕಾಯ್ದೆ ಅವನಿಗಿನ್ನೂ ಬಾಯಿಪಾಠವಿತ್ತು. ಅವು ನಿಧಾನ ತೆರೆದವು. "ಹೌದು. ಸರಿಯಾದ ಕಿವಿಗಳು."

ಯಾರೂ ಅವನಿಗೆ ತಿಳಿಸಬೇಕಾಗಿರಲಿಲ್ಲ. ಸರಕಾರವೇ ಒಪ್ಪಿದ ಕಿವಿಗಳಿಗೆ ಕಿವುಡೆಲ್ಲಿಯದು? ದಾವೆ ವಜಾ ಆಯಿತು.

ಹೊರಗೆ ಮೆಟ್ಟಿಲ ಮೇಲೆ ನೇಕಾರರು ಕೂತರು. ಗಂಗವ್ವ ಚೀಲದಿಂದ ಅವ್ವನ ಗಾಜಿನ ಬಳೆಗಳನ್ನು ತೆಗೆದು ತೊಟ್ಟಳು. ನ್ಯಾಯಾಲಯದ ಗೇಟಿಗೆ ಕೈ ಬಡಿದು ತಾಳ ಹಾಕುತ್ತ ಅದೇ ಹಾಡನ್ನು ಎತ್ತಿಕೊಂಡಳು. ದಾರಿಹೋಕರು ನಿಂತರು. ಒಬ್ಬ ಹುಡುಗಿ ಹಾಡನ್ನು ಬಿಟ್ಟು ಬಳೆಗಳನ್ನೇ ನೋಡತೊಡಗಿದಳು, ಹಾಡಿನೊಳಗೆ ಅಂಥ ಸದ್ದು ಇರಬಹುದೆಂದು ಗೊತ್ತೇ ಇಲ್ಲದವಳಂತೆ.

"ಯಪ್ಪಾ, ಬಳಿ ಕೇಳತಾವೇನು?" ಗಂಗವ್ವ ತುಟಿಯಾಡಿಸಿದಳು.

ಈ ಸಲ ಈರಸಂಗಪ್ಪ ಕೈ ಎತ್ತಲಿಲ್ಲ. ಎದ್ದು ನಿಂತು, ನ್ಯಾಯಾಲಯದ ಗೋಡೆ ನಡುಗುವಂತೆ ಕೂಗಿದ:

"ಇಲ್ಲ! ನಮಗ ಕೇಳೂದಿಲ್ಲ!"

ಹಿರಿಯ ಕೂಗಿದ ಮೇಲೆ ಸುಮ್ಮನಿರುವ ಪದ್ಧತಿ ಅವರಲ್ಲಿರಲಿಲ್ಲ.

"ಕೇಳೂದಿಲ್ಲ! ಕೇಳೂದಿಲ್ಲ!"