ಸ್ಟೇಜ್ ಆಗದೆ ಉಳಿದ ಆರು ಸಾಲು

"ಯಾರ್ರೀ ಅದು, ಬಟ್ಟೆ ಸೋಪು, ಬಲ್ಬು, ಅಪ್ಪನಿಗೆ ಮೆತ್ತನೆ ಚಪ್ಪಲಿ ಅಂತೆಲ್ಲ ಆಸ್ಪತ್ರೆ ಸಾಫ್ಟ್‌ವೇರಿಗೆ ಸೇರಿಸಿರೋದು?"

ಇಡೀ ಹಾಲ್ ಗೊಳ್ಳೆಂದು ನಕ್ಕಿತು.

ಬಾಗಿಲ ಬಳಿ ಬ್ಯಾಗ್ ಇಳಿಸುತ್ತಿದ್ದ ಹುಡುಗ ಅಲ್ಲೇ ನಿಂತ. "ನಾನೇ ಮೇಡಂ... ನಿನ್ನೆ ಸೇರಿದವನು. ಅದು ನನ್ನ ಮನೆ ಸಾಮಾನಿನ ಪಟ್ಟಿ."

ನಮ್ಮ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ! ಬೆಳಗಿನ ಪಾಳಿ ಮುಗಿದಿದ್ದರೂ ಮನೆಗೆ ಹೋಗದೆ, ಮಧ್ಯಾಹ್ನದ ಪಾಳಿಯ ಈ ಹೊಸಬನಿಗಾಗಿಯೇ ಕಾದು ಕುಳಿತಿದ್ದಳು.

"ಬದಲಾಗಿದ್ದನ್ನೆಲ್ಲ ಒಂದೇ ಸಲಕ್ಕೆ ಬಾಚಿ ಸೇರಿಸಿಬಿಟ್ರಾ?"

"ಹೌದು ಮೇಡಂ..."

"ಹಾಗೆ ಮಾಡಬಾರದು. ಏನು ಹೋಗಬೇಕೋ ಅದನ್ನ ಮಾತ್ರ ಆರಿಸಿ ಸ್ಟೇಜ್ ಮಾಡಬೇಕು. ಆಮೇಲೆ ಕಮಿಟ್, ಅಂದ್ರೆ ಆರಿಸಿದ್ದನ್ನ ದಾಖಲೆಗೆ ಸೇರಿಸೋದು. ಇನ್ನೊಂದು ವಿಷಯ. ಸ್ಟೇಜ್ ಮಾಡೋದಂದ್ರೆ ಫೋಟೋ ತೆಗೆದ ಹಾಗೆ. ತೆಗೆದ ಮೇಲೆ ತಲೆ ಬಾಚ್ಕೊಂಡ್ರೆ ಫೋಟೋದಲ್ಲಿ ಬರುತ್ತಾ?"

"ಬರಲ್ಲ."

"ಅಷ್ಟೇ! ಸ್ಟೇಜ್ ಮಾಡಿದ ಮೇಲೆ ಫೈಲ್ ತಿದ್ದಿದ್ರೆ ಮತ್ತೆ ಸ್ಟೇಜ್ ಮಾಡಬೇಕು. ಇಲ್ಲಾಂದ್ರೆ ಹಳೇದೇ ಹೋಗುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು ಟೀಚರ್."

ಮತ್ತೆ ನಗು. ಅವತ್ತಿನಿಂದ ಅವಳು ಟೀಚರ್, ಅವನು ಪಟ್ಟಿ.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಆ ಸಾಲು ಯಾಕೋ ಮತ್ತೆ ನೆನಪಾಯಿತು. ಅಪ್ಪನಿಗೆ ಮೆತ್ತನೆ ಚಪ್ಪಲಿ... ಪಾಪ, ಅಷ್ಟು ಜನರ ಮುಂದೆ ಓದಬಾರದಿತ್ತು.

ಇಬ್ಬರೂ ಕೂತು ಮಾತಾಡಲು ಸಮಯವೇ ಇರುತ್ತಿರಲಿಲ್ಲ. ಅವಳು ಎದ್ದಾಗ ಅವನು ಕೂರಬೇಕು. ಅದಕ್ಕೇ ಪ್ರಾಜೆಕ್ಟಿನೊಳಗೆ 'ಮಾತು' ಎಂಬ ಒಂದು ಫೈಲ್ ಮಾಡಿದರು. ಅವಳು ಹೊರಡುವ ಮುಂಚೆ ಅದರಲ್ಲಿ ಬರೆದು ಕಳಿಸುವಳು. ಅವನ ಉತ್ತರ ಮರುದಿನ ಬೆಳಗ್ಗೆ ಅವಳ ಕಂಪ್ಯೂಟರಿಗೆ ಬಂದಿರುತ್ತಿತ್ತು.

ಮೊದಮೊದಲು ಬರೀ ಕೆಲಸದ ವಿಷಯ. 'ಟೋಕನ್ ಯಂತ್ರ ಮತ್ತೆ ಕೈಕೊಟ್ಟಿದೆ, ನೋಡಿ.' ಆಮೇಲೆ, 'ಟೀಚರ್, ಇವತ್ತು ಊಟ ಮಾಡದೆ ಹೋದ್ರಂತೆ?' ಆಮೇಲೆ... ಆಮೇಲಿನದನ್ನು ನಾನು ಹೇಳಬೇಕೇ? ಏಳು ಗಂಟೆಯ ಪಾಳಿಗೆ ಅವಳು ಆರೂವರೆಗೇ ಬಂದು ಕೂರತೊಡಗಿದಳು!

ಒಂದು ವರ್ಷ ಹೀಗೇ ಕಳೆಯಿತು. ಒಂದು ದಿನ ಅವಳು ಎದೆ ಗಟ್ಟಿ ಮಾಡಿಕೊಂಡು ಬರೆದಳು.

'ಮನೆಯಲ್ಲಿ ಒಂದು ಸಂಬಂಧ ನೋಡಿದ್ದಾರೆ. ಭಾನುವಾರ ಉತ್ತರ ಹೇಳಬೇಕು. ಏನು ಹೇಳಲಿ? ನೀವೇ ಹೇಳಿ.'

ಮರುದಿನ ಬೆಳಗ್ಗೆ ಫೈಲ್ ತೆರೆದಳು. ಎರಡೇ ಸಾಲು.

'ಒಪ್ಕೊಂಡುಬಿಡಿ ಟೀಚರ್. ನಾನು ಬೇರೆ ಬ್ರಾಂಚಿಗೆ ವರ್ಗ ತಗೊಂಡಿದ್ದೀನಿ, ನಾಳೆಯಿಂದ ಬರಲ್ಲ.'

ಮತ್ತೆ ಮತ್ತೆ ಓದಿದಳು. ಅಕ್ಷರಗಳು ಮಂಜಾದವು. ಇಷ್ಟೇನಾ? ಒಂದು ವರ್ಷದ ಮಾತಿಗೆ ಇಷ್ಟೇನಾ?

ಫೋನ್ ಕೈಗೆತ್ತಿಕೊಂಡಳು. ಅವನ ನಂಬರಿನ ಮೇಲೆ ಬೆರಳಿಟ್ಟಳು. 'ಬೇಡ ಅಂದವನ ಹತ್ತಿರ ಹೋಗಿ ಗೋಗರೆಯಲಾ? ಅಷ್ಟು ಬಿಟ್ಟಿ ಬಿದ್ದಿದ್ದೀನಾ?' ಫೋನ್ ಚೀಲಕ್ಕೆ ಸೇರಿತು.

ಭಾನುವಾರ ಮನೆಯಲ್ಲಿ ಸಂಬಂಧ ಬೇಡವೆಂದಳು. ಅಮ್ಮ ತಲೆ ಚಚ್ಚಿಕೊಂಡರು. ಅತ್ತಿಗೆ ಮಾತ್ರ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು. "ಯಾರೇ ಅವನು?"

"ಯಾರೂ ಇಲ್ಲ ಅತ್ತಿಗೆ."

"ಯಾರೂ ಇಲ್ದೇ ಇದ್ರೆ ಕಣ್ಣು ಹಿಂಗೆ ಊದಿಕೊಳ್ಳುತ್ತಾ?"

ಅತ್ತಿಗೆಯ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಹೆಸರನ್ನು ಮಾತ್ರ ಬಾಯಿ ಬಿಡಲಿಲ್ಲ.

ಎರಡು ವರ್ಷ. ಆರೂವರೆಗೆ ಬರುವ ಅಭ್ಯಾಸ ಮಾತ್ರ ಹೋಗಲಿಲ್ಲ. ಬಂದು ಏನು ಮಾಡಬೇಕೆಂದು ತೋಚದೆ, ಆಫೀಸಿನ ಗಿಡಗಳಿಗೆಲ್ಲ ನೀರು ಹಾಕುತ್ತಿದ್ದಳು.

ಮೊನ್ನೆ ಬುಧವಾರ ಆಫೀಸಿನ ಸ್ಟೋರ್ ನೋಡಿಕೊಳ್ಳುವ ಯಜಮಾನರು ಒಂದು ಹಳೆಯ ಲ್ಯಾಪ್‌ಟಾಪ್ ತಂದು ಅವಳ ಮೇಜಿನ ಮೇಲಿಟ್ಟರು.

"ಇದೊಂದು ನೋಡಿಬಿಡಮ್ಮ. ನಾಲ್ಕು ಗಂಟೆಗೆ ಎಲ್ಲಾ ಅಳಿಸಿ ಕೊಟ್ಟುಬಿಡಬೇಕು. ಕಳಿಸದೆ ಉಳಿದ ಕೆಲಸ ಏನಾದ್ರೂ ಇದ್ರೆ ತೆಗೆದಿಟ್ಕೋ. ಆ ಪಟ್ಟಿ ಹುಡುಗಂದು. ಅವನು ಹೋದಾಗಿನಿಂದ ಕಪಾಟಲ್ಲೇ ಬಿದ್ದಿತ್ತು."

ಅವಳಿಗೆ ಮುಟ್ಟಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ.

'ಕೆಲಸ ಅಷ್ಟೇ. ನೋಡಿ ಮುಗಿಸಿಬಿಡೋಣ.' ಪ್ರಾಜೆಕ್ಟ್ ತೆರೆದು, ಕಳಿಸದೆ ಉಳಿದದ್ದು ಏನಿದೆ ಎಂದು ಕಂಪ್ಯೂಟರನ್ನು ಕೇಳಿದಳು. ಪರದೆಯಲ್ಲಿ ಒಂದೇ ಒಂದು ಫೈಲಿನ ಹೆಸರು ಕೆಂಪಗೆ ಮೂಡಿತು. ತಿದ್ದಲಾಗಿದೆ, ಆದರೆ ಸ್ಟೇಜ್ ಆಗಿಲ್ಲ...

ಮಾತು.

ಕಳಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ನೋಡಿದಳು. ಅವಳು ಓದಿ ಅತ್ತಿದ್ದ ಆ ಎರಡು ಸಾಲನ್ನು ಅವನು ಅಳಿಸಿದ್ದ! ಅದರ ಜಾಗದಲ್ಲಿ ಆರು ಸಾಲು ಇದ್ದವು.

'ಟೀಚರ್, ಮೊದಲು ಬೇರೆ ಏನೋ ಬರೆದಿದ್ದೆ. ಕಳಿಸೋಕೆ ಮನಸ್ಸು ಬರಲಿಲ್ಲ.
ಅಪ್ಪನಿಗೆ ಲಕ್ವ ಹೊಡೆದಿದೆ. ಅದಕ್ಕೇ ಮನೆ ಹತ್ತಿರದ ಬ್ರಾಂಚಿಗೆ ಹೋಗ್ತಿದ್ದೀನಿ.
ಈ ಕಷ್ಟದೊಳಗೆ ನಿಮ್ಮನ್ನ ಎಳೆಯಬಾರದು ಅಂತ ಬುದ್ಧಿ ಹೇಳುತ್ತೆ. ಮನಸ್ಸು ಕೇಳಲ್ಲ.
ದಯವಿಟ್ಟು ಆ ಸಂಬಂಧ ಒಪ್ಕೋಬೇಡಿ. ಭಾನುವಾರ ನಾನೇ ನಿಮ್ಮ ಮನೆಗೆ ಬಂದು ಕೇಳ್ತೀನಿ.
ಬರಬಹುದು ಅಂದ್ರೆ ಒಂದು ಫೋನ್ ಮಾಡಿ.
ಫೋನ್ ಬರದಿದ್ರೆ ಬೇಡ ಅಂತ ತಿಳ್ಕೊಂಡು ಇನ್ಯಾವತ್ತೂ ತೊಂದರೆ ಕೊಡಲ್ಲ.'

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ನಡೆದದ್ದು ಇಷ್ಟೇ. ಅವನು ಮೊದಲಿನ ಎರಡು ಸಾಲನ್ನು ಸ್ಟೇಜ್ ಮಾಡಿದ್ದ. ಮನಸ್ಸು ತಡೆಯದೆ ಎಲ್ಲ ಅಳಿಸಿ ಹೊಸದಾಗಿ ಬರೆದ. ಅಷ್ಟರಲ್ಲಿ ಅಪ್ಪನಿದ್ದ ಆಸ್ಪತ್ರೆಯಿಂದ ಫೋನ್ ಬಂತು. ಗಾಬರಿಯಲ್ಲಿ ಮತ್ತೆ ಸ್ಟೇಜ್ ಮಾಡುವುದನ್ನು ಮರೆತು ಕಮಿಟ್ ಮಾಡಿ, ಕಳಿಸಿ ಓಡಿದ್ದ. ಹಳೆಯದೇ ಹೋಯಿತು. ಭೇಟಿಯಾದ ಮೊದಲ ದಿನವೇ ಅವಳು ಹೇಳಿಕೊಟ್ಟಿದ್ದ ಪಾಠ!

ಅಯ್ಯೋ ಪೆದ್ದೇ... ಅವನು ಫೋನಿಗಾಗಿ ಕಾದಿದ್ದ. ಇವಳು ಫೋನನ್ನು ಚೀಲದಲ್ಲಿ ಮುಚ್ಚಿಟ್ಟಿದ್ದಳು.

ಈಗ ಕರೆದರೆ? ಮದುವೆಯಾಗಿದ್ದರೆ? ಅವನ ಹೆಂಡತಿಯೇ ಫೋನ್ ಎತ್ತಿದರೆ? ಗಡಿಯಾರದಲ್ಲಿ ಮೂರೂವರೆ. 'ಎತ್ತಿದರೆ ಎತ್ತಲಿ, ಕ್ಷಮಿಸಿ ಅಂತ ಇಟ್ಟುಬಿಡ್ತೀನಿ. ಈ ಸಲ ಸುಮ್ಮನಿರಲ್ಲ.'

ಐದು ಸಲ ರಿಂಗಾಯಿತು.

"ಹಲೋ..."

ಅದೇ ದನಿ.

"ಟೀಚರ್?" ನಂಬರ್ ಅವನೂ ಅಳಿಸಿರಲಿಲ್ಲ!

"ಈಗ... ಈಗ ಓದಿದೆ. ಆರು ಸಾಲೂ."

"ಈಗ ಅಂದ್ರೆ?"

"ನೀವು ಮತ್ತೆ ಸ್ಟೇಜ್ ಮಾಡಿರಲಿಲ್ಲ. ನನಗೆ ಸಿಕ್ಕಿದ್ದು ಒಪ್ಕೊಂಡುಬಿಡಿ ಅನ್ನೋದು ಮಾತ್ರ."

ಆ ಕಡೆ ಗಂಡಸೊಬ್ಬ ಅಳು ನುಂಗಲು ಹೆಣಗುವ ಸದ್ದು ಕೇಳಿತು.

"ಅಪ್ಪ ಹೋಗಿ ಎಂಟು ತಿಂಗಳಾಯ್ತು. ಮಾತು ತೊದಲ್ತಿತ್ತು. ಆದ್ರೂ ದಿನಾ ಕೇಳೋರು, ಆ ಟೀಚರ್ ಫೋನ್ ಮಾಡಿದ್ಲೇನೋ ಅಂತ. ನಾಳೆ ಮಾಡ್ತಾಳೆ ಅಪ್ಪ ಅಂತ ಸುಳ್ಳು ಹೇಳ್ತಿದ್ದೆ."

ಅವಳು ಮೇಜಿಗೆ ಹಣೆಯೂರಿ ಅತ್ತಳು. ಆ ಅಪ್ಪನನ್ನು ಒಮ್ಮೆಯಾದರೂ ನೋಡಬೇಕಿತ್ತು. ಮೆತ್ತನೆ ಚಪ್ಪಲಿ ತಾನೇ ಕೊಂಡುಹೋಗಿ ಕಾಲಿಗೆ ತೊಡಿಸಬೇಕಿತ್ತು. ಆ ಎರಡು ವರ್ಷವನ್ನು ಇನ್ನು ಯಾರು ತಂದುಕೊಡುತ್ತಾರೆ?

"ನೀವು... ಒಪ್ಕೊಂಡ್ರಾ? ಆ ಸಂಬಂಧ?"

"ಇಲ್ಲ. ನಿಮ್ಮ ಮದುವೆ ಆಯ್ತಾ?"

"ನನ್ನ ಮನೇಲಿ ಕೇಳೋರಾದ್ರೂ ಯಾರಿದ್ದಾರೆ ಟೀಚರ್?"

ಕಣ್ಣೊರೆಸಿಕೊಂಡಳು. ಆ ಫೈಲನ್ನು ಸ್ಟೇಜ್ ಮಾಡಿದಳು, ಸರಿಯಾಗಿದೆಯೇ ಎಂದು ಎರಡು ಸಲ ನೋಡಿದಳು, ಕಮಿಟ್ ಮಾಡಿದಳು.

"ಏನೋ ಒತ್ತಿದ ಸದ್ದು?"

"ನಿಮ್ಮ ಮಾತು ಕಳಿಸ್ತಿದ್ದೀನಿ. ನನಗೆ."

"ಈಗಲಾದ್ರೂ ಬರಬಹುದಾ? ಭಾನುವಾರ?"

"ಭಾನುವಾರದವರೆಗೆ ಯಾಕೋ ಕಾಯಿಸ್ತೀಯ?" ಅಳುತ್ತಲೇ ನಕ್ಕಳು. "ಇವತ್ತೇ ಬಾ."

"ಬರ್ತೀನಿ ಕಣೇ. ಫೋನ್ ಮಾತ್ರ ಇಡಬೇಡ."

"ಇಡಲ್ಲ."